ಮುಟ್ಟದೆ ಬಿಟ್ಟ ಸಾಲು

ಡಿಸೆಂಬರ್ 4

ಕನ್ನಡಕದ ಹುಡುಗಿಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ನಿನಗೆ ಏನನ್ನಬೇಕು? ಫೋನ್ ಮಾಡಿದರೆ ಎತ್ತುವುದಿಲ್ಲ. ಐದು ಸಲ ಮಾಡಿದೆ. ಆರನೇ ಸಲ ಯಾವಳೋ ಎತ್ತಿ, ಈ ನಂಬರು ಬಳಕೆಯಲ್ಲಿಲ್ಲ ಎಂದಳು. ನಾನು ಅವಳಿಗೆ ನಾಲ್ಕು ಮಾತು ಬೈದ ಮೇಲೆ ಆಫೀಸಿನ ಗುಮಾಸ್ತ ಹೇಳಿದ, ಅದು ಮನುಷ್ಯರಲ್ಲವಂತೆ, ಯಂತ್ರವಂತೆ. ಕೊನೆಗೆ ಅವನೇ ನಿನ್ನ ಅಕ್ಕನ ಮನೆಯ ವಿಳಾಸ ಹುಡುಕಿ ಒಂದು ಹಳೆ ಲಕೋಟೆಯ ಹಿಂದೆ ಗೀಚಿ ಕೊಟ್ಟ. “ಕಾಗದ ಬರೀರಿ, ಬೇರೆ ದಾರಿ ಇಲ್ಲ” ಎಂದ. ಐದನೇ ಕ್ಲಾಸಿಗೆ ಸ್ಲೇಟು ಎಸೆದು ಬಂದವಳು ನಾನು. ಪಕ್ಕದಲ್ಲಿ ನಮ್ಮ ಯಜಮಾನರು ಕೂತು ಒತ್ತಕ್ಷರ ತಿದ್ದುತ್ತಿದ್ದಾರೆ. ತಿದ್ದುವುದು ಕಡಿಮೆ, ನಗುವುದು ಹೆಚ್ಚು.

ವಿಷಯ ಇಷ್ಟು. ನಿನ್ನ ಪುಸ್ತಕಗಳಿರುವ ಬೀರುವಿನ ಕೀಲಿ ನಿನ್ನ ಹತ್ತಿರವೇ ಉಳಿದಿದೆ. ಕಳಿಸು.

ಅದೊಂದಕ್ಕೇ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಇಪ್ಪತ್ತಾರು ವರ್ಷದಿಂದ ಈ ಕಾಲೇಜಿನ ನೆಲಮಾಳಿಗೆಯಲ್ಲಿ ಪ್ರಾಣಿಗಳ ತೊಟ್ಟಿ ನೋಡಿಕೊಂಡಿದ್ದೇನೆ. ಸಂಶೋಧನೆ ಮಾಡುತ್ತೇವೆಂದು ಬಂದವರು ಎಷ್ಟೋ ಜನ. ಹೋಗುವಾಗ ಎಲ್ಲರೂ ಹೇಳಿ ಹೋಗುತ್ತಾರೆ. ಕೆಲವರು ನನ್ನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಅದೆಲ್ಲ ಆಗದು, ಆದರೂ ಮುಖ ಗಂಟು ಹಾಕಿಕೊಂಡು ನಿಲ್ಲುತ್ತೇನೆ. ನೀನು ಮೂರು ವರ್ಷ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ನನ್ನ ಫ್ಲಾಸ್ಕಿನ ಟೀ ಕುಡಿದು, ಒಂದು ಸೋಮವಾರ ಬಿಳಿ ಕೋಟನ್ನು ಮೊಳೆಗೆ ನೇತುಹಾಕಿ ಎದ್ದು ಹೋದೆ. ಕೋಟಿನ ಜೇಬಿನಲ್ಲಿ ಅರ್ಧ ತಿಂದ ಬಿಸ್ಕತ್ತಿತ್ತು. ಇರುವೆ ಮುತ್ತಿದ್ದವು. ಒಗೆದು ಇಟ್ಟಿದ್ದೇನೆ.

ನಿನ್ನ ಬಾಲದ ಕಪ್ಪೆಗಳು ಚೆನ್ನಾಗಿವೆ. ನ್ಯೂಟ್ ಎನ್ನಬೇಕು ಎಂದು ನೂರು ಸಲ ತಿದ್ದಿದ್ದೀಯ, ನಾನು ಅನ್ನುವುದಿಲ್ಲ. ಕಪ್ಪೆಯ ಜಾತಿ, ಹಲ್ಲಿಯ ಮೈಕಟ್ಟು, ಉದ್ದ ಬಾಲ: ಬಾಲದ ಕಪ್ಪೆ, ಮುಗಿಯಿತು. ಗಂಡುಗಳಿಗೆ ಕಾಲಿನ ಒಳಮೈಯಲ್ಲಿ ಕಪ್ಪು ಕಟ್ಟಲು ಶುರುವಾಗಿದೆ, ಬಾಲ ಅಗಲವಾಗುತ್ತಿದೆ. ಅವು ಕೂಡುವ ಕಾಲ ಬರುತ್ತಿದೆ. ನೋಡಬೇಕಾದವಳು ಇಲ್ಲ.

ದೊಡ್ಡ ಮೇಷ್ಟ್ರು ಮೊನ್ನೆ ಕೆಳಗಿಳಿದು ಬಂದು ಬಾಗಿಲಲ್ಲೇ ನಿಂತರು. “ಮಾರ್ಚ್ ಇಪ್ಪತ್ತಕ್ಕೆ ಕಮಿಟಿ ಕೂರತ್ತೆ. ಕೆಲಸ ಮಾಡೋರು ಇಲ್ಲ ಅಂದ್ರೆ ಇವನ್ನೆಲ್ಲ ಬೇರೆ ಕಾಲೇಜಿಗೆ ಕೊಟ್ಟು ಕೋಣೆ ಖಾಲಿ ಮಾಡ್ತೀವಿ” ಎಂದರು.

“ಅವಳು ಬರ್ತಾಳೆ” ಎಂದೆ.

“ಬರ್ತೀನಿ ಅಂದಿದ್ದಾಳಾ?”

“ಅಂದಿಲ್ಲ. ಬರ್ತಾಳೆ.”

ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರೇ ಮೊದಲು ಮೆಟ್ಟಿಲು ಹತ್ತಿದರು.

ನನ್ನ ಮಾತು ಉಳಿಸುತ್ತೀಯೋ ಇಲ್ಲವೋ ಬರಿ. ಕೀಲಿಯನ್ನು ಏನಕ್ಕಾದರೂ ಸುತ್ತಿ ಕಳಿಸು, ಹಾಗೇ ಹಾಕಿದರೆ ಲಕೋಟೆ ಹರಿಯುತ್ತದೆ.

ತೊಟ್ಟಿಯಮ್ಮ

(ನೀವೆಲ್ಲ ನನ್ನ ಬೆನ್ನ ಹಿಂದೆ ಕರೆಯುವ ಹೆಸರನ್ನೇ ಹಾಕಿದ್ದೇನೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಿರಾ?)


ಡಿಸೆಂಬರ್ 19

ಪ್ರೀತಿಯ ದೊಡ್ಡಮ್ಮ,

ಕೀಲಿ ಇದರೊಳಗಿದೆ. ಹತ್ತಿಯಲ್ಲಿ ಸುತ್ತಿದ್ದೇನೆ.

ಹೇಳದೆ ಬಂದದ್ದು ತಪ್ಪು. ಹೇಳಲು ಕೆಳಗಿಳಿದು ಬಂದಿದ್ದರೆ ನೀವು ಟೀ ಬಗ್ಗಿಸುತ್ತಿದ್ದಿರಿ, ನಾನು ಕೂರುತ್ತಿದ್ದೆ, ಆಮೇಲೆ ಏಳಲು ಆಗುತ್ತಿರಲಿಲ್ಲ.

ಈಗ ಅಕ್ಕನ ಮನೆಯಲ್ಲಿದ್ದೇನೆ. ಬೀದಿಯ ತುದಿಯಲ್ಲಿರುವ ಔಷಧಿ ಅಂಗಡಿಯಲ್ಲಿ ಕೆಲಸ. ಚೀಟಿ ಓದಿ ಮಾತ್ರೆ ಕೊಡುತ್ತೇನೆ, ಮಾತ್ರೆ ಕೆಲಸ ಮಾಡುತ್ತದೆ. ಎರಡು ದಿನ ಬಿಟ್ಟು ಅದೇ ಮನುಷ್ಯ ಬಂದು ಜ್ವರ ಬಿಟ್ಟಿತು ಎನ್ನುತ್ತಾನೆ. ಅದೆಷ್ಟು ಸಮಾಧಾನ ಎಂದು ನಿಮಗೆ ಹೇಗೆ ತಿಳಿಸಲಿ?

ನನ್ನ ಕೆಲಸ ಏನಾಗಿತ್ತು ಎಂದು ನಿಮಗೆ ಅರ್ಧ ಗೊತ್ತು. ಗಂಡು ನ್ಯೂಟ್ ಹೆಣ್ಣಿನ ಬೆನ್ನೇರಿ, ಮುಂಗಾಲುಗಳಿಂದ ತಬ್ಬಿ, ತನ್ನ ಗದ್ದವನ್ನು ಅವಳ ಮೂಗಿಗೆ ಉಜ್ಜುತ್ತದೆ. ಅದಕ್ಕೆ ಹಾಗೆ ಮಾಡು ಎಂದು ಹೇಳುವುದು ಮೈಯೊಳಗಿನ ಹಾರ್ಮೋನುಗಳು. ಅವುಗಳಲ್ಲಿ ಎರಡನ್ನು ಕೆಲವು ದಿನ ಸೂಜಿಯಲ್ಲಿ ಕೊಡುತ್ತಿದ್ದೆ. ಒಂದು ಪೂರ್ತಿ ದಿನ ಮುಟ್ಟದೆ ಬಿಟ್ಟು, ಮಂಗಳವಾರ ಇಲ್ಲವೇ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ತೊಟ್ಟಿಗೊಂದು ಹೆಣ್ಣನ್ನು ಬಿಡುತ್ತಿದ್ದೆ. ಹಾರ್ಮೋನು ಪಡೆದವು ಬೇಗ ತಬ್ಬಬೇಕು, ಬರೀ ಉಪ್ಪುನೀರು ಪಡೆದವು ನಿಧಾನವಾಗಿ. ಮೊದಲ ಎರಡು ತಿಂಗಳು ಹಾಗೇ ಆಯಿತು. ಆಮೇಲೆ ಅದೂ ಇಲ್ಲ, ಇದೂ ಇಲ್ಲ. ಎರಡು ಗುಂಪೂ ಮೂಲೆಯಲ್ಲಿ ಕಲ್ಲಿನ ಹಾಗೆ ಕೂತವು. ಔಷಧಿ ಬದಲಾಯಿಸಿದೆ, ಸೂಜಿ ಬದಲಾಯಿಸಿದೆ, ಪ್ರಾಣಿಗಳನ್ನೇ ಬದಲಾಯಿಸಿದೆ. ಮೂರು ಸೀಸನ್ ಹೋಯಿತು.

ಮೇಷ್ಟ್ರು ಕೊನೆಗೆ “ಕೆಲವರ ಕೈಗೆ ಪ್ರಾಣಿ ಒಗ್ಗೋದಿಲ್ಲಮ್ಮ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಅಂದರು.

ಕಮಿಟಿಯ ಮುಂದೆ ನನ್ನ ಹೆಸರು ಎತ್ತಬೇಡಿ. ನಿಮ್ಮ ಕಾಲುನೋವು ಹೇಗಿದೆ?

ನಿಮ್ಮ,
ಕನ್ನಡಕ


ಜನವರಿ 11

ಹುಡುಗಿ,

ಕೀಲಿ ಬಂತು. ಹತ್ತಿ ಇಡೀ ಒಂದು ಕಟ್ಟು ಹಾಕಿದ್ದೀಯ, ಔಷಧಿ ಅಂಗಡಿಯ ಗತ್ತು ತೋರಿಸಲು ಇರಬೇಕು.

ಮೇಷ್ಟ್ರು ಅಂದದ್ದಕ್ಕೆ ಓಡಿ ಹೋದೆಯಾ? ನನಗೆ ಹೇಳಿದ್ದರೆ ಅವರಿಗೆ ಅಲ್ಲೇ ಬಿಡಿಸಿ ಹೇಳುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಕೈ ನೋಡಿದ್ದೇನೆ! ಕಪ್ಪೆಯನ್ನು ಸೋಪಿನ ಬಿಲ್ಲೆಯ ಹಾಗೆ ಅಮುಕುವವರು, ಮೀನನ್ನು ಎತ್ತಿ ಬೀಳಿಸುವವರು. ನಿನ್ನ ಕೈ ಒಳ್ಳೆಯ ಕೈ.

ಕಾಲುನೋವು ಕೇಳಿದ್ದೀಯ. ಹೊಸ ವರ್ಷದ ಮೊದಲ ವಾರ ಬಚ್ಚಲಲ್ಲಿ ಜಾರಿದೆ. ಮುರಿದಿಲ್ಲ, ಊದಿಕೊಂಡಿತು. ನಾಲ್ಕು ದಿನ ಮನೆಯಲ್ಲಿ. ಆ ನಾಲ್ಕು ದಿನ ಗುಮಾಸ್ತ ಮೇಲಿನಿಂದ ಹುಳ ಉದುರಿಸಿ, ದೀಪ ಆರಿಸಿ ಹೋಗಿದ್ದಾನೆ, ಅಷ್ಟೆ. ಮಂಗಳವಾರ ಕುಂಟುತ್ತ ಹೋಗುವಾಗ ಒಂಬತ್ತಾಗಿತ್ತು. ಗಾಜಿಗೆಲ್ಲ ಪಾಚಿ. ನನಗೆ ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ.

ಕಿಟಕಿಯ ಕೆಳಗಿನ ದೊಡ್ಡ ತೊಟ್ಟಿ ಇದೆಯಲ್ಲ, ನೀನು ಹೋದ ಮೇಲೆ ಗಂಡು ಹೆಣ್ಣು ಎಲ್ಲವನ್ನೂ ಒಟ್ಟಿಗೆ ಬಿಟ್ಟಿದ್ದೇನೆ, ಅದರಲ್ಲಿ ಏಳು ಜೋಡಿ ಕಟ್ಟಿಕೊಂಡಿದ್ದವು. ನಿನ್ನ ಪರೀಕ್ಷೆಯಲ್ಲಿ ಕಲ್ಲಿನ ಹಾಗೆ ಕೂತಿದ್ದ ಅದೇ ಗಂಡುಗಳು! ನಾನು ಮೊಂಡ ಎಂದು ಕರೆಯುವವನು, ಬೆನ್ನ ಮೇಲೆ ಮಚ್ಚೆ ಇರುವವನು, ಒಂದು ಹೆಣ್ಣನ್ನು ತಬ್ಬಿ ಕಣ್ಣು ಅರ್ಧ ಮುಚ್ಚಿಕೊಂಡು, ಊರಿಗೆಲ್ಲ ತಾನೇ ಮದುಮಗ ಎನ್ನುವ ಹಾಗೆ ನೀರಲ್ಲಿ ತೇಲುತ್ತಿದ್ದ. ಬಾಡಿಗೆ ಕೇಳಲು ಬಂದ ಮನೆಯೊಡತಿಯ ಹಾಗೆ ನಾನು ಬಾಗಿಲಲ್ಲಿ ನಿಂತಿದ್ದೆ.

ಒಂದು ಮಾತು ಕೇಳುತ್ತೇನೆ. ಯಾಕೆ, ಏನು ಎಂದು ತಿರುಗಿ ಕೇಳದೆ ಉತ್ತರ ಕೊಡು. ಹೆಣ್ಣನ್ನು ಬಿಡುವುದಕ್ಕೆ ಮೊದಲು ಗಂಡನ್ನು ಯಾರಾದರೂ ಕೈಯಲ್ಲಿ ಎತ್ತಿದರೆ ಏನಾಗುತ್ತದೆ? ಸುಮ್ಮನೆ ಎತ್ತಿ ಸುಮ್ಮನೆ ಬಿಟ್ಟರೆ?

ಬೇಗ ಬರಿ.

ತೊಟ್ಟಿಯಮ್ಮ


ಜನವರಿ 20

ಪ್ರೀತಿಯ ದೊಡ್ಡಮ್ಮ,

ಬಿದ್ದದ್ದನ್ನು ಇಷ್ಟು ತಡವಾಗಿ, ಅದೂ ಒಂದು ಸಾಲಿನಲ್ಲಿ ಹೇಳುತ್ತೀರಿ. ಊತಕ್ಕೆ ಹಚ್ಚುವ ಮುಲಾಮು ಕಳಿಸಿದ್ದೇನೆ. ದಿನಕ್ಕೆ ಎರಡು ಸಲ. ಹಚ್ಚಿದ ಮೇಲೆ ತಿಕ್ಕಬೇಡಿ, ನೀವು ತಿಕ್ಕುತ್ತೀರಿ ಎಂದು ಗೊತ್ತು.

ನೀವು ಕೇಳಿದ್ದಕ್ಕೆ ಉತ್ತರ. ಎತ್ತಿದರೆ ಅದಕ್ಕೆ ಭಯವಾಗುತ್ತದೆ. ಭಯಕ್ಕೂ ಒಂದು ಹಾರ್ಮೋನಿದೆ, ಕಾರ್ಟಿಕೋಸ್ಟಿರೋನ್ ಎಂದು. ಕೆಲವೇ ನಿಮಿಷದಲ್ಲಿ ರಕ್ತದಲ್ಲಿ ಏರಿ ತಬ್ಬುವ ಆಸೆಯನ್ನು ಆರಿಸಿಬಿಡುತ್ತದೆ. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಪ್ರಣಯ ಮಾಡುತ್ತ ಕೂತರೆ ಆಗುತ್ತದೆಯೇ? ನಾವು ಕೊಟ್ಟ ಹಾರ್ಮೋನು ಎಷ್ಟೇ ಇರಲಿ, ಆಗ ನಡೆಯುವುದಿಲ್ಲ. ಅದು ಹೆಣ್ಣನ್ನು ನೋಡುತ್ತದೆ, ಹತ್ತಿರ ಹೋಗುವುದಿಲ್ಲ.

ಅದಕ್ಕೇ ಬಾಗಿಲಿಗೆ ಆ ನೋಟೀಸು ಅಂಟಿಸಿದ್ದೆ: “ಪರೀಕ್ಷೆಯ ದಿನ ಒಂಬತ್ತರವರೆಗೆ ಯಾರೂ ಪ್ರಾಣಿಗಳನ್ನು ಮುಟ್ಟಬಾರದು.” ನಾನು ಜಾಲರಿಯನ್ನು ಕೂಡ ನೀರಿಗೆ ಇಳಿಸುತ್ತಿರಲಿಲ್ಲ.

ಯಾಕೆ ಎಂದು ಕೇಳಬಾರದು ಎಂದಿದ್ದೀರಿ. ಕೇಳುವುದಿಲ್ಲ.

ನಿಮ್ಮ,
ಕನ್ನಡಕ


ಫೆಬ್ರವರಿ 16

ಮಗೂ,

ಈ ಕಾಗದವನ್ನು ಯಜಮಾನರಿಗೆ ತೋರಿಸಿಲ್ಲ. ತಪ್ಪು ಅಕ್ಷರ ಇದ್ದರೆ ಹಾಗೇ ಓದಿಕೋ. ಕೂತು ಓದು. ಅಂಗಡಿಯಲ್ಲಿ ಗಿರಾಕಿಗಳ ಮಧ್ಯೆ ಓದಬೇಡ.

ನಿನ್ನ ಮೊದಲ ವರ್ಷ ಒಂದು ಶುಕ್ರವಾರ ಹೊರಗಿನ ದೊಡ್ಡವರು ನಾಲ್ಕು ಜನ ನಿನ್ನ ಪರೀಕ್ಷೆ ನೋಡಲು ಬಂದಿದ್ದರು, ನೆನಪಿದೆಯಾ? ಗಾಜಿಗೆ ಪಾಚಿ ಕಟ್ಟಿ ಒಳಗೆ ಏನೂ ಕಾಣಿಸಲಿಲ್ಲ. ನಾನು ತೊಳೆಯುವ ದಿನ ಶನಿವಾರ, ಹಾಗಾಗಿ ಶುಕ್ರವಾರ ಹಾಗೇ ಇರುತ್ತಿತ್ತು. ಮೇಷ್ಟ್ರು ಅವರೆಲ್ಲರ ಎದುರಿಗೆ ನಿನಗೆ “ಇದೇನು, ಚರಂಡಿನಾ?” ಎಂದರು. ಪಾಚಿ ನನ್ನದು, ಬೈಗುಳ ನಿನ್ನದು. ನೀನು ಪಂಪಿನ ಕೋಣೆಗೆ ಹೋಗಿ, ಮೋಟಾರಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡು ಅತ್ತೆ. ನಾನು ಹೊರಗೆ ನಿಂತಿದ್ದೆ.

ಅವತ್ತು ತೀರ್ಮಾನ ಮಾಡಿದೆ. ಇನ್ನು ನಿನ್ನ ಪರೀಕ್ಷೆಯ ದಿನ ಗಾಜಿನ ಮೇಲೆ ಒಂದು ಚುಕ್ಕೆ ಇರಬಾರದು. ಮುಂದಿನ ಮಂಗಳವಾರದಿಂದ ಬೆಳಿಗ್ಗೆ ಏಳಕ್ಕೇ ಬರತೊಡಗಿದೆ. ಇಪ್ಪತ್ತನಾಲ್ಕು ಗಂಡನ್ನೂ ಒಂದೊಂದಾಗಿ ಎತ್ತಿ, ಬಕೀಟಿಗೆ ಬಿಟ್ಟು, ತೊಟ್ಟಿ ತಿಕ್ಕಿ, ಹೊಟ್ಟೆಗೆ ಅಂಟಿದ ಲೋಳೆ ಒರೆಸಿ, ತಿರುಗಿ ಬಿಡುತ್ತಿದ್ದೆ. ಎಂಟೂ ಮುಕ್ಕಾಲಿಗೆ ಮುಗಿಯುತ್ತಿತ್ತು. ನೀನು ಒಂಬತ್ತಕ್ಕೆ ಬರುತ್ತಿದ್ದೆ. “ದೊಡ್ಡಮ್ಮಾ, ತೊಟ್ಟಿ ಕನ್ನಡಿ ಆಗಿದೆಯಲ್ಲ!” ಎನ್ನುತ್ತಿದ್ದೆ. “ಹೊಸ ಫಿಲ್ಟರ್” ಎನ್ನುತ್ತಿದ್ದೆ ನಾನು. ಮಾಡಿದ್ದನ್ನು ಹೇಳಿಕೊಂಡು ತಿರುಗುವುದು ನನಗೆ ಬರುವುದಿಲ್ಲ.

ಮೂರು ವರ್ಷ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ. ಒಂದು ದಿನ ತಪ್ಪಿಸಿಲ್ಲ. ಜ್ವರ ಬಂದಾಗಲೂ ಹೋಗಿದ್ದೆ.

ನೋಟೀಸು ಓದಿದ್ದೆ. ಅಕ್ಷರ ಕೂಡಿಸಿ ಓದಲು ಬರುತ್ತದೆ ನನಗೆ. ಯಾರೂ ಮುಟ್ಟಬಾರದು ಎಂದಿತ್ತು. ಯಾರೂ ಎಂದರೆ ಮೇಲಿನ ಕ್ಲಾಸಿನ ಹುಡುಗರು, ನೋಡಲು ಬರುವ ಜನ ಎಂದುಕೊಂಡೆ. ಆ ಬಾಗಿಲಿಗೆ ಬಣ್ಣ ಹೊಡೆಸಿದವಳು ನಾನು, ನೋಟೀಸಿಗೆ ಅಂಟು ತಂದುಕೊಟ್ಟವಳು ನಾನು. ಅದು ನನಗೂ ಅನ್ವಯಿಸುತ್ತದೆ ಎಂದು ತಲೆಗೇ ಬರಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಎರಡು ದಿನ ಮನೆಯ ಪಾತ್ರೆಗಳನ್ನೆಲ್ಲ ಮತ್ತೆ ಮತ್ತೆ ತಿಕ್ಕಿದೆ. ಮೂರನೆಯ ದಿನ ಯಜಮಾನರೇ ಬಾಯಿ ಬಿಡಿಸಿದರು. ಇವರು ನಲವತ್ತು ವರ್ಷ ನೀರಿನ ಪಂಪು ರಿಪೇರಿ ಮಾಡಿದವರು. ಎಲ್ಲ ಕೇಳಿ, ಪೇಪರು ಮಡಚಿ ಕೆಳಗಿಟ್ಟರು.

“ನಿನ್ನಿಂದಲೇ ಅಂತ ಹೇಗೆ ಹೇಳ್ತೀಯ?” ಎಂದರು.

“ಕಣ್ಣಾರೆ ನೋಡಿದ್ನಲ್ಲ! ನಾ ಮುಟ್ಟದೇ ಇದ್ದಾಗ ಜೋಡಿ ಕಟ್ಟಿದ್ವು.”

“ಅವು ಒಟ್ಟಿಗೆ ಇದ್ದ ತೊಟ್ಟಿ. ನಾಲ್ಕು ದಿನ ದೀಪ ಬೇರೆ ಥರ ಇತ್ತು. ನೀರು ಹಳೇದಿತ್ತು. ಪಂಪ್ ಕೆಟ್ರೆ ಒಂದೇ ಸಲ ನಾಲ್ಕು ನಟ್ಟು ಬಿಚ್ಚೋದಿಲ್ಲ ಕಣೇ. ಒಂದು ಬಿಚ್ಚು, ನೋಡು. ಹಾಕು. ಇನ್ನೊಂದು ಬಿಚ್ಚು.”

ಹಾಗೇ ಮಾಡಿದೆ. ಎರಡು ಸಾಲು ತೊಟ್ಟಿ ಇವೆಯಲ್ಲ, ಮೇಲಿನ ಹಲಗೆಯಲ್ಲಿ ಹನ್ನೆರಡು, ಕೆಳಗೆ ಹನ್ನೆರಡು. ಗಂಡುಗಳನ್ನು ದೊಡ್ಡ ತೊಟ್ಟಿಯಿಂದ ತೆಗೆದು ಅವುಗಳಲ್ಲಿ ಒಂದೊಂದಾಗಿ ಬಿಟ್ಟು ಎರಡು ದಿನ ಕಾದೆ, ಸೂಜಿ ಯಾವುದಕ್ಕೂ ಹಾಕಲಿಲ್ಲ. ಮಂಗಳವಾರ ಮೇಲಿನ ಸಾಲನ್ನು ಹಿಂದಿನಂತೆ ಎತ್ತಿ ತೊಳೆದೆ. ಕೆಳಗಿನ ಸಾಲನ್ನು ಮುಟ್ಟಲಿಲ್ಲ. ಪಾಚಿ ನೋಡಿ ಕೈ ತುರಿಸುತ್ತಿತ್ತು, ಕೈ ಕಟ್ಟಿಕೊಂಡು ಕೂತೆ. ಒಂಬತ್ತಕ್ಕೆ ಎಲ್ಲಕ್ಕೂ ಒಂದೊಂದು ಹೆಣ್ಣು ಬಿಟ್ಟೆ. ಹುಳ ಹಾಕಿದ್ದನ್ನು ಗುರುತು ಮಾಡುವ ಹಾಳೆಯ ಹಿಂದೆ ಗೀಟು ಎಳೆದೆ. ತೊಳೆದ ಸಾಲಿನಲ್ಲಿ ತಬ್ಬಿದ್ದು ಎರಡು. ಮುಟ್ಟದ ಸಾಲಿನಲ್ಲಿ ಒಂಬತ್ತು.

“ಮೇಲಿನ ಸಾಲಿಗೆ ಬೆಳಕು ಜಾಸ್ತಿ, ಅದಕ್ಕೇ ಇರಬಹುದು” ಎಂದರು ಇವರು. ನನಗೆ ಕೋಪ ಬಂತು. ಆದರೆ ಸರಿ ಎನಿಸಿತು. ಶುಕ್ರವಾರ ಅದಲು ಬದಲು ಮಾಡಿದೆ: ಕೆಳಗಿನದನ್ನು ತೊಳೆದೆ, ಮೇಲಿನದನ್ನು ಬಿಟ್ಟೆ. ತೊಳೆದದ್ದರಲ್ಲಿ ಒಂದು, ಬಿಟ್ಟದ್ದರಲ್ಲಿ ಹತ್ತು. ಮತ್ತೆ ಎರಡು ವಾರ ಹಾಗೇ ಮಾಡಿದೆ. ಗೀಟೆಲ್ಲ ಒಂದೇ ಕಥೆ ಹೇಳುತ್ತಿವೆ. ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಒಂದು ಮೂಲೆಯಲ್ಲಿ ಟೀ ಬಿದ್ದಿದೆ, ಗೀಟು ಅಳಿಸಿಲ್ಲ.

ಹಾಗಾಗಿ ನಿನ್ನ ಕೈ ಅಲ್ಲ, ನನ್ನ ಕೈ. ನಿನ್ನ ಔಷಧಿ ಸರಿಯಾಗಿತ್ತು, ಸೂಜಿ ಸರಿಯಾಗಿತ್ತು. ನೀನು ಬರುವ ಕಾಲು ಗಂಟೆ ಮೊದಲು ನಾನು ಅವುಗಳ ಎದೆಯಲ್ಲಿ ಭಯ ತುಂಬಿ ಇಡುತ್ತಿದ್ದೆ. ಮೂರು ವರ್ಷ ನೀನು ನನ್ನ ಭಯವನ್ನು ಅಳೆದೆ.

ಇನ್ನೊಂದು ನೋಡಿದೆ, ಅದನ್ನೂ ಬರೆಯುತ್ತೇನೆ. ಕೊನೆಯ ದಿನ ಕೆಲವು ಜೋಡಿ ಕಟ್ಟಿದ ಮೇಲೆ, ಅವನ್ನು ಬೇರೆ ಮಾಡಿ ಹೆಣ್ಣನ್ನು ವಾಪಸ್ಸು ಹಾಕಬೇಕಿತ್ತು. ಜಾಲರಿಯಿಂದ ಎತ್ತಿದೆ. ಭಯವಾಗಿ ಬಿಡುತ್ತವೆ ಎಂದುಕೊಂಡೆ. ಬಿಡಲಿಲ್ಲ. ಗಾಳಿಯಲ್ಲಿ ಎತ್ತಿ ಹಿಡಿದರೂ, ಬಕೀಟಿಗೆ ಹಾಕಿದರೂ, ಗಂಡು ಹೆಣ್ಣನ್ನು ಬಿಡಲಿಲ್ಲ. ಎತ್ತಿದ ಹನ್ನೊಂದು ಜೋಡಿಯಲ್ಲಿ ಒಂಬತ್ತು ಬಿಡಲಿಲ್ಲ. ಅದೇ ಕೈ, ಅದೇ ಜಾಲರಿ. ತಬ್ಬುವ ಮೊದಲು ಎತ್ತಿದರೆ ಆರಿ ಹೋಗುತ್ತದೆ. ತಬ್ಬಿದ ಮೇಲೆ ಎತ್ತಿದರೆ ಹೆದರಿಕೆಯೇ ತಾಗುವುದಿಲ್ಲ. ಇದು ನಿನ್ನ ಪುಸ್ತಕದಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ನಗಬೇಡ, ಒಂದು ವಿಷಯ ಹೇಳುತ್ತೇನೆ. ಯಜಮಾನರು ನನ್ನನ್ನು ಕೇಳಲೆಂದು ನಮ್ಮ ಮನೆಗೆ ಮೊದಲ ಸಲ ಬಂದಾಗ ಒಳಗಿನಿಂದ ನಮ್ಮಪ್ಪ “ಯಾರದು?” ಎಂದು ಗುಡುಗಿದರು. ಇವರು “ನೀರಿನ ಮೀಟರ್ ನೋಡಕ್ಕೆ ಬಂದೆ” ಎಂದು ಹೇಳಿ, ಮೀಟರ್ ನೋಡಿ, ಬರೆದುಕೊಂಡು ಹೋದರು. ಆಮೇಲೆ ಹನ್ನೊಂದು ತಿಂಗಳು ಆ ಬೀದಿಗೆ ಕಾಲಿಡಲಿಲ್ಲ. ಹೇಡಿ, ಆಸೆ ಇಲ್ಲದ ಮನುಷ್ಯ ಎಂದು ಮದುವೆಯಾದ ಲಾಗಾಯ್ತಿನಿಂದ ಚುಚ್ಚುತ್ತಲೇ ಬಂದಿದ್ದೇನೆ. ಮೊನ್ನೆ ನೆಂಟರ ಮುಂದೆ ಮೀಟರಿನ ಮಾತು ಬಂತು. ಎಲ್ಲರೂ ನನ್ನ ಕಡೆ ನೋಡಿದರು, ನಾನು ಎದ್ದು ಲೋಟ ತೊಳೆಯಲು ಹೋದೆ. ಅವರೆಲ್ಲ ಹೋದ ಮೇಲೆ ಇವರು ಹಣೆ ಮುಟ್ಟಿ ನೋಡಿದರು. “ಮೈ ಹುಷಾರಿಲ್ವಾ?” ಎಂದರು.

ಇಷ್ಟೇ. ಬೈಯುವುದಿದ್ದರೆ ಬೈದು ಬರಿ.

ತೊಟ್ಟಿಯಮ್ಮ


ಫೆಬ್ರವರಿ 27

ದೊಡ್ಡಮ್ಮ,

ನಿಮ್ಮ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಗಿರಾಕಿಯೊಬ್ಬರಿಗೆ ತಪ್ಪು ಡಬ್ಬಿ ಕೊಟ್ಟೆ. ಬಾಗಿಲು ದಾಟುವಷ್ಟರಲ್ಲಿ ಓಡಿ ಹೋಗಿ ಬದಲಾಯಿಸಿದೆ.

ನೀವು ಗೊತ್ತಿದ್ದು ಮಾಡಿಲ್ಲ. ಅದು ನನಗೆ ಗೊತ್ತು. ಆದರೂ ಮೂರು ವರ್ಷ ನಾನು ನನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದೆ. ಅಕ್ಕನ ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದೆ. ಅದನ್ನು ಯಾರಿಗೆ ಹೇಳಲಿ? ಒಂದು ಸಲ, ಒಂದೇ ಒಂದು ಸಲ “ನಾನು ತೊಳೀತೀನಿ ಕಣೇ” ಎಂದಿದ್ದರೆ ಸಾಕಿತ್ತಲ್ಲ.

ಸದ್ಯಕ್ಕೆ ಬರೆಯಬೇಡಿ.

ಕನ್ನಡಕ

ಬಿಡದೆ ಹಿಡಿದ ಆ ಒಂಬತ್ತು ಜೋಡಿ, ಎತ್ತುವ ಹೊತ್ತಿಗೆ ತಬ್ಬಿ ಎಷ್ಟು ಹೊತ್ತಾಗಿತ್ತು? ಬಿಟ್ಟ ಎರಡು?


ಮಾರ್ಚ್ 7

ಮಗೂ,

ಬರೆಯಬೇಡಿ ಎಂದಿದ್ದೀಯ. ಕೆಳಗೆ ಪ್ರಶ್ನೆಯನ್ನೂ ಕೇಳಿದ್ದೀಯ. ಎರಡರಲ್ಲಿ ಯಾವುದನ್ನು ಕೇಳಬೇಕು ಎಂದು ಯಜಮಾನರನ್ನು ಕೇಳಿದೆ. “ಕೊನೇಲಿ ಬರ್ದಿದ್ದನ್ನ” ಎಂದರು.

ಬಿಟ್ಟ ಎರಡೂ ತಬ್ಬಿ ಹತ್ತು ನಿಮಿಷ ಆಗಿರಲಿಲ್ಲ. ಗೋಡೆ ಗಡಿಯಾರ ನೋಡಿ ಬರೆದಿದ್ದೇನೆ, ಹಾಳೆಯ ಬಲಗಡೆ ಸಣ್ಣದಾಗಿ ಇರುವುದು ಅದೇ. ಬಿಡದವು ಎಲ್ಲ ಅರ್ಧ ಗಂಟೆಯ ಮೇಲೆ. ಮಧ್ಯದ್ದು ನನಗೆ ಗೊತ್ತಿಲ್ಲ. ಕಾಲು ಗಂಟೆಗೆ ಎತ್ತಿದರೆ ಏನು ಮಾಡುತ್ತವೆ? ಇಪ್ಪತ್ತು ನಿಮಿಷಕ್ಕೆ? ಎಲ್ಲಿಂದ ಹೆದರಿಕೆ ತಾಗುವುದು ನಿಲ್ಲುತ್ತದೆ? ಅದನ್ನು ಮಾಡಿ ನೋಡಬೇಕು ಎಂದಿದ್ದೆ. ಆಗಲಿಲ್ಲ. ಯಾಕೆ ಎಂದು ಹೇಳುತ್ತೇನೆ.

ನಿನ್ನ ಕಾಗದ ಬಂದ ಮಾರನೆಯ ದಿನ ಮೇಷ್ಟ್ರ ಕೋಣೆಗೆ ಹೋದೆ. ಇಪ್ಪತ್ತಾರು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತವಳಲ್ಲ, ಅವತ್ತು ಅವರು ಹೇಳುವ ಮೊದಲೇ ಕೂತೆ. ಎಲ್ಲ ಹೇಳಿದೆ.

“ನೋಟೀಸ್ ಓದಿರಲಿಲ್ವಾ?” ಎಂದರು.

“ಓದಿದ್ದೆ.”

“ಮತ್ತೆ?”

“ನನಗಲ್ಲ ಅಂದ್ಕೊಂಡೆ.”

ಬೈಯುತ್ತಾರೆ, ತಿರುಗಿ ಏನು ಹೇಳಬೇಕು ಎಂದು ತಯಾರು ಮಾಡಿಕೊಂಡು ಹೋಗಿದ್ದೆ. ಅವರು ಬೈಯಲಿಲ್ಲ. ಕೈಗಡಿಯಾರ ಬಿಚ್ಚಿದರು, ಮತ್ತೆ ಕಟ್ಟಿಕೊಂಡರು. “ಮೂರು ವರ್ಷ ಅವಳ ಕೈನೇ ನೋಡ್ದೆ ನಾನು. ಪರೀಕ್ಷೆ ದಿನ ಮಾತ್ರ ಗಾಜು ಯಾಕೆ ಅಷ್ಟು ಹೊಳೀತಿದೆ ಅಂತ ಒಂದು ಸಲ ಕೇಳ್ಲಿಲ್ಲ” ಎಂದರು. ಆಮೇಲೆ ನನ್ನ ಹಾಳೆಯ ನಕಲು ಕೇಳಿದರು. ನಿನಗೆ ಕಳಿಸಿದ್ದೇ ಮೂಲ, ನಕಲಿಲ್ಲ ಎಂದೆ. ಇಷ್ಟಗಲ ಬಾಯಿ ತೆರೆದು, “ಟಪಾಲಿನಲ್ಲಿ ಹಾಕಿದ್ರಾ?” ಎಂದರು. ಅದನ್ನು ಜೋಪಾನವಾಗಿ ಇಡು.

ಕೊನೆಗೆ ನಿಯಮದ ಮಾತು ಬಂತು. ಕಾಲೇಜಿನ ನಿಯಮ ಮುರಿದವರು ಪ್ರಾಣಿಗಳ ಕೋಣೆಯಲ್ಲಿ ಇರುವ ಹಾಗಿಲ್ಲ. ನಾನೇ ಕೀಲಿ ಗೊಂಚಲು ತೆಗೆದು ಅವರ ಮೇಜಿನ ಮೇಲೆ ಇಟ್ಟೆ, ಅವರು ಕೇಳುವವರೆಗೂ ಕಾಯಲಿಲ್ಲ. ಈಗ ಎರಡನೇ ಮಹಡಿಯ ಸ್ಟೋರಿನಲ್ಲಿ ಖಾಲಿ ಬಾಟಲಿ ತೊಳೆಯುತ್ತೇನೆ. ಬಾಟಲಿಗೆ ಭಯವಿಲ್ಲ, ಎಷ್ಟು ಬೇಕಾದರೂ ಎತ್ತಬಹುದು. ಕೆಳಗೆ ಗುಮಾಸ್ತ ಹುಳ ಹಾಕುತ್ತಾನೆ, ಹೆಚ್ಚು ಹಾಕುತ್ತಾನೆ. ಮೊಂಡ ದಪ್ಪಗಾಗಿದ್ದಾನೆ ಎಂದು ಕೇಳಿದೆ. ಇದನ್ನೆಲ್ಲ ನೀನು ಅಯ್ಯೋ ಎನ್ನಲಿ ಎಂದು ಬರೆದಿಲ್ಲ. ನಿನ್ನ ಕೆಲಸ ಹಾಳು ಮಾಡಿದ ಕೈ ಆ ಕೋಣೆಯಿಂದ ಹೊರಗಿದೆ ಎಂದು ನಿನಗೆ ತಿಳಿದಿರಲಿ ಎಂದು ಬರೆದೆ. ನೀನು ಬಂದರೆ ನಾನು ಅಲ್ಲಿ ಕಾಲಿಡುವುದಿಲ್ಲ. ನೀನೇ ಕರೆದರೆ ಬಾಗಿಲವರೆಗೆ ಬರುತ್ತೇನೆ.

ಮೇಷ್ಟ್ರು ಹೇಳಿದ್ದು ಹೀಗೆ. ಕಮಿಟಿ ಇಪ್ಪತ್ತಕ್ಕೆ ಕೂರುವುದು ಖಂಡಿತ. ಈ ಹಿಂದಿನ ಮೂರು ವರ್ಷದ ಲೆಕ್ಕ ಹೇಗೆ ತಪ್ಪಾಯಿತು ಎಂದು ಅವರೇ ಬರೆದು ಕೊಡುತ್ತಾರೆ, ಅದರಲ್ಲಿ ನಿನ್ನ ಮೇಲೆ ಒಂದಕ್ಷರ ಇರುವುದಿಲ್ಲ. ಆದರೆ ಕೋಣೆ ಉಳಿಯಬೇಕಾದರೆ ಮುಂದೆ ಕೆಲಸ ಮಾಡುತ್ತೇನೆ ಎಂದು ನೀನೇ ನಿನ್ನ ಕೈಯಲ್ಲಿ ಬರೆದು ಕಳಿಸಬೇಕು. ನನ್ನ ಮಾತು ನಡೆಯುವುದಿಲ್ಲ, ಅವರ ಮಾತೂ ನಡೆಯುವುದಿಲ್ಲ. ಇಲ್ಲವಾದರೆ ಇಪ್ಪತ್ತೊಂದಕ್ಕೆ ವ್ಯಾನ್ ಬಂದು ಅವನ್ನೆಲ್ಲ ತೆಗೆದುಕೊಂಡು ಹೋಗುತ್ತದೆ. ಗಂಡುಗಳ ಕಾಲಿನ ಕಪ್ಪು ಇನ್ನೂ ಇಳಿದಿಲ್ಲ. ಈ ಸೀಸನ್ನಿನಲ್ಲಿ ಇನ್ನೂ ಒಂದು ತಿಂಗಳು ಉಳಿದಿದೆ.

ಬಾ ಎಂದು ನಾನು ಹೇಳುವುದಿಲ್ಲ. ಔಷಧಿ ಅಂಗಡಿ ನಿನಗೆ ಹಿಡಿಸಿದ್ದರೆ ಅಲ್ಲೇ ಇರು, ಜನರ ಜ್ವರ ಬಿಡಿಸುವುದು ಕಡಿಮೆ ಕೆಲಸವಲ್ಲ. ಆದರೆ ನಿನ್ನ ಕೈ ಕೆಟ್ಟದ್ದು ಎಂದುಕೊಂಡು ಅಲ್ಲಿ ಉಳಿಯಬೇಡ. ಅಕ್ಕನ ಮಗುವನ್ನು ಈ ಕಾಗದ ಓದಿದ ಕೂಡಲೇ ಎತ್ತಿಕೋ. ಅತ್ತರೆ ಅಳಲಿ, ಮಕ್ಕಳು ಅಳುತ್ತವೆ.

ತಪ್ಪಾಯಿತು ಎಂದು ಇದರಲ್ಲಿ ಬರೆದಿಲ್ಲ ಎಂದು ನೀನು ನೋಡಿರುತ್ತೀಯ. ಅದಕ್ಕೇ ಮೂರು ಹಾಳೆ ಹರಿದೆ. ಕಾಗದದಲ್ಲಿ ಅದು ಬೇರೆ ಯಾರೋ ಹೇಳಿದ ಹಾಗೆ ಕಾಣುತ್ತದೆ. ಅದು ನಿನ್ನ ಮುಖ ನೋಡಿ ಹೇಳಬೇಕಾದ ಮಾತು, ಹೇಳಿದ ಮೇಲೆ ನೀನು ಎಷ್ಟು ಹೊತ್ತು ಬೈದರೂ ನಿಂತು ಕೇಳಬೇಕಾದ ಮಾತು. ನಮ್ಮಪ್ಪನ ಬೈಗುಳವನ್ನೂ ನಿಂತು ಕೇಳಿದವಳಲ್ಲ ನಾನು. ನಿನ್ನದನ್ನು ಕೇಳುತ್ತೇನೆ. ನೀನು ಇಲ್ಲಿಗೆ ಬರದಿದ್ದರೆ ನಾನೇ ಬಸ್ಸು ಹತ್ತಿ ಅಲ್ಲಿಗೆ ಬಂದು, ನಿನ್ನ ಅಂಗಡಿಯ ಸಾಲಿನಲ್ಲಿ ನಿಂತು ಹೇಳಿ ಹೋಗುತ್ತೇನೆ. ಅದು ಬೇರೆ, ಕೋಣೆಯ ವಿಷಯ ಬೇರೆ. ಎರಡನ್ನೂ ಕಲಸಬೇಡ.

ಬರುತ್ತೇನೆ ಎಂದಾದರೆ ಬರುತ್ತೇನೆ ಎಂದು ಬರಿ. ಇಲ್ಲವೆಂದರೆ ಇಲ್ಲ ಎಂದು ಬರಿ. ಸುಮ್ಮನಿರುವುದನ್ನು ಉತ್ತರ ಎಂದು ನಾನು ಒಪ್ಪುವುದಿಲ್ಲ. ಮಾರ್ಚ್ ಹದಿನೆಂಟರ ಬೆಳಗಿನ ಟಪಾಲಿನ ಹೊತ್ತಿಗೆ ನಿನ್ನ ಕಾಗದ ಮೇಷ್ಟ್ರ ಮೇಜಿನ ಮೇಲೆ ಇರಬೇಕು.

ನಿನ್ನ ದೊಡ್ಡಮ್ಮ